ಕಾಂಪೌಂಡ್ ಇದೆ, ಒಳಗೆ ಕೋಣೆಗಳಿಲ್ಲ: ಸಣ್ಣ ಆಫೀಸಿನ ನೆಟ್‌ವರ್ಕ್ ಕಾಪಾಡಿಕೊಳ್ಳುವುದು ಹೇಗೆ

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಫೋನ್ ಬಂತು. ನಮ್ಮ ಜಿಲ್ಲೆಯದೇ ಒಂದು ಪತ್ತಿನ ಸಹಕಾರ ಸಂಘ. "ಸರ್, ಟ್ಯಾಲಿ ಓಪನ್ ಆಗ್ತಿಲ್ಲ. ಎಲ್ಲಾ ಫೈಲ್ ಹೆಸರಿನ ಕೊನೆಗೂ ಏನೇನೋ ಅಕ್ಷರ ಸೇರಿಕೊಂಡಿದೆ" ಅಂದರು ಅಲ್ಲಿನ ಅಕೌಂಟೆಂಟ್. ನಾನು ಹೋಗುವಷ್ಟರಲ್ಲಿ ಕೌಂಟರ್ ಮುಂದೆ ಜನ ನಿಂತಿದ್ದರು. ಪಿಗ್ಮಿ ಹಣ ತೆಗೆಯಲು ಬಂದವರು, ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಲು ಬಂದವರು. ಇದ್ದ ಹನ್ನೊಂದು ಸಿಸ್ಟಂಗಳಲ್ಲಿ ಒಂಬತ್ತರ ಮೇಲೂ ಒಂದೇ ಸೂಚನೆ. ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ಬಿಟ್‌ಕಾಯಿನ್‌ನಲ್ಲಿ ಹಣ ಕೊಟ್ಟರೆ ಕೀಲಿ ಕೊಡುತ್ತೇವೆ.

ಬ್ಯಾಕಪ್ ಇತ್ತು. ದಿನವೂ ತಪ್ಪದೆ ತೆಗೆಯುತ್ತಿದ್ದರು. ಆದರೆ ಆ ಹಾರ್ಡ್‌ಡಿಸ್ಕ್ ಸರ್ವರ್‌ಗೆ ಹಗಲೂ ರಾತ್ರಿ ಚುಚ್ಚಿಯೇ ಇರುತ್ತಿತ್ತು. ಅದಕ್ಕೂ ಬೀಗ ಬಿದ್ದಿತ್ತು.

ಆಮೇಲೆ ಮೂರು ವಾರಕ್ಕೂ ಜಾಸ್ತಿ ಅವರು ವೋಚರ್, ರಸೀದಿ ಪುಸ್ತಕ ಹರಡಿಕೊಂಡು ಕೂತರು. ರಾತ್ರಿ ಹತ್ತರವರೆಗೆ ಲೆಕ್ಕವನ್ನು ಮತ್ತೆ ಟೈಪ್ ಮಾಡಿದರು. ಕಳ್ಳ ಒಳಗೆ ಬಂದಿದ್ದು ದೂರದಿಂದಲೇ ಸಿಸ್ಟಂ ನಡೆಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ದಾರಿಯಿಂದ. ಸಾಫ್ಟ್‌ವೇರ್‌ನವರಿಗೆ ಅನುಕೂಲವಾಗಲಿ ಅಂತ ಯಾವತ್ತೋ ತೆರೆದಿಟ್ಟ ದಾರಿ ಅದು. ದುಡ್ಡು ಕೊಟ್ಟು ಕೊಂಡ ಆಂಟಿವೈರಸ್ ಎಲ್ಲಾ ಸಿಸ್ಟಂನಲ್ಲೂ ಇತ್ತು. ಆದರೆ ಒಂದು ಸಿಸ್ಟಂ ಕೈಗೆ ಸಿಕ್ಕಮೇಲೆ ಉಳಿದವಕ್ಕೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ದೊಡ್ಡ ಕಾಂಪೌಂಡ್ ಕಟ್ಟಿ, ಗೇಟಿಗೆ ಬೀಗ ಹಾಕಿ, ಒಳಗೆ ಮಾತ್ರ ಒಂದೇ ಹಜಾರ ಬಿಟ್ಟ ಹಾಗೆ. ಕೋಣೆ ಇಲ್ಲ, ಬಾಗಿಲಿಲ್ಲ, ಚಿಲಕವಿಲ್ಲ.

ಸಣ್ಣ ಊರಿನ ಸಣ್ಣ ಸಂಘ, ಹಾಗಾಗಿ ಹೀಗಾಯಿತು ಅಂದುಕೊಳ್ಳಬೇಡಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೂ ಇದೇ ಆಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಡೇಟಾಗೆ ಬೀಗ ಬಿತ್ತು. ಹೊರರೋಗಿಗಳ ಚೀಟಿಯಿಂದ ಹಿಡಿದು ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲಿ ಬರೆಯಬೇಕಾಯಿತು. ಕಾರಣ ಏನು ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ. ಅಲ್ಲೂ ಹಜಾರದ್ದೇ ಸಮಸ್ಯೆ.

ಐದರಿಂದ ಮೂವತ್ತು ಸಿಸ್ಟಂ ಇರುವ ಕಡೆ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಸಹಕಾರ ಸಂಘ, ಶಾಲೆ, ನರ್ಸಿಂಗ್ ಹೋಂ, ಆಡಿಟರ್ ಆಫೀಸು, ಪ್ರಿಂಟಿಂಗ್ ಪ್ರೆಸ್, ಇಂಥ ಜಾಗಗಳು. ಕಂಪ್ಯೂಟರ್ ನೋಡಿಕೊಳ್ಳಲು ಅಂತಲೇ ಒಬ್ಬರು ಇಲ್ಲಿ ಇರುವುದಿಲ್ಲ. ಸ್ವಲ್ಪ ತಿಳಿದವರೊಬ್ಬರ ತಲೆಗೆ ಆ ಕೆಲಸ ಬಂದಿರುತ್ತದೆ. ಆ ಒಬ್ಬರಿಗಾಗಿ ಈ ಲೇಖನ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಸಮಯ ಸಾಲದಿದ್ದರೆ ಮೊದಲ ನಾಲ್ಕನ್ನಾದರೂ ಬಿಡಬೇಡಿ.

ಹೆಜ್ಜೆ 1: ಮೊದಲು ಎಣಿಸಿ

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಕಂಪ್ಯೂಟರ್‌ನಲ್ಲಿ ಬರೆದಿಡಬೇಡಿ. ಕಂಪ್ಯೂಟರ್ ಕೈಕೊಟ್ಟ ದಿನವೇ ಈ ಪಟ್ಟಿ ಬೇಕಾಗುವುದು.

ಇಂಟರ್‌ನೆಟ್ ವೈರ್ ಗೋಡೆಯಿಂದ ಒಳಗೆ ಬರುವ ಜಾಗದಿಂದ ಶುರು ಮಾಡಿ. ಕೇಬಲ್ ಹಿಡಿದುಕೊಂಡೇ ನಡೆಯಿರಿ. ರೂಟರ್, ಸಿಸ್ಟಂಗಳ ಕೇಬಲ್ ಎಲ್ಲಾ ಬಂದು ಸೇರುವ ಸ್ವಿಚ್ ಪೆಟ್ಟಿಗೆ, ಒಂದೊಂದು ಸಿಸ್ಟಂ. ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ಅದು ಯಾರ ಮೇಜಿನ ಮೇಲಿದೆ, ಯಾವ ವಿಂಡೋಸ್, ಏನೇನು ಕೆಲಸಕ್ಕೆ ಬಳಸುತ್ತಾರೆ, ಅದರಲ್ಲಿ ಯಾವ ಫೋಲ್ಡರ್ ಶೇರ್ ಆಗಿದೆ, ರಿಪೇರಿಗೆ ಯಾರು ಬರುತ್ತಾರೆ. ಇಷ್ಟು ಸಾಕು. ಪಾಸ್‌ವರ್ಡ್ ಮಾತ್ರ ಈ ಪುಸ್ತಕದಲ್ಲಿ ಬರೆಯಬೇಡಿ.

ಆಮೇಲೆ ರೂಟರ್ ಪುಟಕ್ಕೆ ಲಾಗಿನ್ ಆಗಿ, ಈಗ ಯಾವ್ಯಾವ ಸಾಧನ ಅಂಟಿಕೊಂಡಿದೆ ಅನ್ನುವ ಪಟ್ಟಿ ನೋಡಿ. ಫೋನಿನಲ್ಲಿ ಫಿಂಗ್ ಎಂಬ ಆ್ಯಪ್ ಹಾಕಿಕೊಂಡರೂ ಈ ಪಟ್ಟಿ ಸಿಗುತ್ತದೆ. ನಿಮ್ಮ ಪುಸ್ತಕಕ್ಕೂ ಈ ಪಟ್ಟಿಗೂ ಮೊದಲ ಸಲ ತಾಳೆ ಆಗುವುದೇ ಇಲ್ಲ. ನಾನು ಹೋದ ಕಡೆಯೆಲ್ಲ ಒಂದಾದರೂ ಅಚ್ಚರಿ ಸಿಕ್ಕಿದೆ. ಸಿಸಿಟಿವಿಯ ಡಿವಿಆರ್ ಪೆಟ್ಟಿಗೆ, ಹಾಜರಾತಿಯ ಬೆರಳಚ್ಚು ಯಂತ್ರ, ಪ್ರಿಂಟರ್, ಗೋಡೆಯ ಟಿವಿ, ಸಿಗ್ನಲ್ ಬರಲ್ಲ ಅಂತ ಯಾರೋ ತಂದು ಸಿಕ್ಕಿಸಿದ ವೈಫೈ ಪೆಟ್ಟಿಗೆ. ಇವೂ ಕಂಪ್ಯೂಟರ್‌ಗಳೇ. ಇವಕ್ಕೂ ಒಂದೊಂದು ಪುಟ ಬೇಕು.

ವಿಂಡೋಸ್ ಯಾವುದು ಅಂತ ಬರೆದುಕೊಳ್ಳಲು ಹೇಳಿದ್ದಕ್ಕೆ ಕಾರಣ ಇದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿತು. ಬೆಂಬಲ ನಿಂತ ಸಿಸ್ಟಂ ಚೆನ್ನಾಗಿಯೇ ಓಡುತ್ತಿರುತ್ತದೆ. ಆದರೆ ಹೊಸದಾಗಿ ಕಂಡ ಭದ್ರತೆಯ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ಅಂಥ ಪುಟಗಳ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ.

ಹೆಜ್ಜೆ 2: ವೈರ್ ಕಿತ್ತಿಟ್ಟ ಬ್ಯಾಕಪ್

ಹೊರಗಿನ ದಾಳಿ ತಡೆಯುವ ಫೈರ್‌ವಾಲ್‌ಗಿಂತ ಮೊದಲು ಬ್ಯಾಕಪ್ ಯಾಕೆ ಅಂತ ಕೇಳುತ್ತಾರೆ. ಉಳಿದ ಎಲ್ಲ ಹೆಜ್ಜೆ ತಪ್ಪಿದರೂ ಇದೊಂದು ನಿಮ್ಮನ್ನು ಮತ್ತೆ ಕೆಲಸಕ್ಕೆ ಕೂರಿಸುತ್ತದೆ. ಅದಕ್ಕೇ ಮೊದಲು.

ಕಂಪ್ಯೂಟರ್ ಜನ 3-2-1 ಅಂತ ಒಂದು ಲೆಕ್ಕ ಹೇಳುತ್ತಾರೆ. ಡೇಟಾದ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಆಫೀಸಿನ ಹೊರಗೆ. ಸಣ್ಣ ಆಫೀಸಿಗೆ ನಾನು ಇದನ್ನು ಹೀಗೆ ಹೊಂದಿಸುತ್ತೇನೆ. ಎರಡು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದರ ಮೇಲೆ "ಸಮ", ಇನ್ನೊಂದರ ಮೇಲೆ "ಬೆಸ" ಅಂತ ಚೀಟಿ ಅಂಟಿಸಿ. ಸಮ ತಾರೀಖಿನ ದಿನ ಒಂದು, ಬೆಸ ತಾರೀಖಿನ ದಿನ ಇನ್ನೊಂದು. ಸಂಜೆ ಲೆಕ್ಕ ಮುಗಿದ ಮೇಲೆ ಚುಚ್ಚಿ, ಬ್ಯಾಕಪ್ ತೆಗೆದು, ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿ. ಎರಡೂ ಒಟ್ಟಿಗೆ ಸಿಸ್ಟಂಗೆ ಯಾವತ್ತೂ ಅಂಟಿರಬಾರದು. ಮೂರನೆಯದು ಕ್ಲೌಡ್‌ನಲ್ಲಿರಲಿ, ಇಲ್ಲವೇ ವಾರಕ್ಕೊಮ್ಮೆ ತೆಗೆದು ಬೇರೆ ಕಟ್ಟಡದಲ್ಲಿಡಿ.

ಕ್ಲೌಡ್ ವಿಷಯದಲ್ಲಿ ಒಂದು ಎಚ್ಚರ. ಗೂಗಲ್ ಡ್ರೈವ್, ಒನ್‌ಡ್ರೈವ್ ಇವೆಲ್ಲ ನಿಮ್ಮ ಫೋಲ್ಡರನ್ನು ಹಾಗೇ ಮೇಲೆ ಕಳಿಸುತ್ತಿರುತ್ತವೆ. ಇಲ್ಲಿ ಫೈಲ್‌ಗೆ ಬೀಗ ಬಿದ್ದರೆ ಬೀಗ ಬಿದ್ದ ಫೈಲೇ ಮೇಲೂ ಹೋಗಿ ಕೂರುತ್ತದೆ. ಹಳೆಯ ಪ್ರತಿಗೆ ಹಿಂದಿರುಗುವ ಸೌಲಭ್ಯ ಎಷ್ಟು ದಿನದವರೆಗೆ ಇದೆ ಅಂತ ನೋಡಿಕೊಂಡೇ ನಂಬಿ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ದಾಳಿಯಲ್ಲಿ ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನ ನೆಟ್‌ವರ್ಕ್ ಜಗತ್ತಿನಾದ್ಯಂತ ನೆಲ ಕಚ್ಚಿತು. ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನಲ್ಲಿರುವ ಅದರ ಟರ್ಮಿನಲ್‌ಗೂ ಪೆಟ್ಟು ಬಿತ್ತು. ಯಾರ ಲಾಗಿನ್ ಯಾವುದು, ಯಾರಿಗೆ ಎಲ್ಲಿಯವರೆಗೆ ಪ್ರವೇಶ ಅನ್ನುವ ಮಾಹಿತಿ ಇಡುವ ಅವರ ಸರ್ವರ್‌ಗಳೆಲ್ಲ ಅಳಿಸಿಹೋದವು. ಉಳಿದಿದ್ದು ಘಾನಾ ದೇಶದ ಕಚೇರಿಯ ಒಂದೇ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ನೆಟ್‌ವರ್ಕ್‌ನಿಂದ ಹೊರಗಿದ್ದದ್ದಕ್ಕೆ ಅದು ಬದುಕಿತು. ಕಂಪನಿ ಅದರಿಂದಲೇ ಮತ್ತೆ ಎದ್ದು ನಿಂತಿತು. ನಮ್ಮಲ್ಲಿ ಕರೆಂಟ್ ಹೋಗುವುದೇನೂ ಹೊಸದಲ್ಲ. ಆದರೂ ಅದಕ್ಕೆ ಕಾಯುವುದು ಬೇಡ, ವೈರ್ ನಾವೇ ಕೀಳೋಣ.

ಇನ್ನು ಎಲ್ಲರೂ ಬಿಟ್ಟುಬಿಡುವ ಭಾಗ. ತಿಂಗಳ ಮೊದಲ ಶನಿವಾರ ಬ್ಯಾಕಪ್ಪನ್ನು ಒಂದು ಬೇರೆ ಲ್ಯಾಪ್‌ಟಾಪ್‌ಗೆ ಇಳಿಸಿ ನೋಡಿ. ನೆಟ್‌ವರ್ಕ್‌ಗೆ ಅಂಟಿರದ ಲ್ಯಾಪ್‌ಟಾಪ್ ಆಗಿರಲಿ. ಟ್ಯಾಲಿ ತೆರೆದು, ಹಿಂದಿನ ದಿನದ ಟ್ರಯಲ್ ಬ್ಯಾಲೆನ್ಸ್ ಹಾಕಿ, ಸರ್ವರ್‌ನಲ್ಲಿರುವುದಕ್ಕೆ ತಾಳೆ ನೋಡಿ. "ಬ್ಯಾಕಪ್ ಸಕ್ಸಸ್‌ಫುಲ್" ಅಂತ ಪರದೆ ಮೇಲೆ ಬಂದಿದ್ದನ್ನು ನಂಬಿ, ಬೇಕಾದ ದಿನ ಡಿಸ್ಕ್ ತೆರೆದರೆ ಎರಡು ವರ್ಷ ಹಳೆಯ ಫೋಲ್ಡರ್ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡೇಟಾ ಫೋಲ್ಡರ್ ಬೇರೆ ಡ್ರೈವ್‌ಗೆ ಹೋಗಿತ್ತು, ಬ್ಯಾಕಪ್ ಮಾತ್ರ ಹಳೆಯ ಜಾಗದಿಂದಲೇ ನಡೆಯುತ್ತಿತ್ತು. ಎಷ್ಟು ಹೊತ್ತು ಹಿಡಿಯಿತು ಅಂತಲೂ ನೋಟ್‌ಬುಕ್‌ನಲ್ಲಿ ಬರೆದಿಡಿ.

ಹೆಜ್ಜೆ 3: ಹೊರಬಾಗಿಲು, ಅಂದರೆ ರೂಟರ್

ಇಂಟರ್‌ನೆಟ್ ಕಂಪನಿಯವರು ಫೈಬರ್ ಎಳೆದು ಒಂದು ಪೆಟ್ಟಿಗೆ ಇಟ್ಟು ಹೋಗುತ್ತಾರೆ. ಅದರ ಅಡ್ಮಿನ್ ಪಾಸ್‌ವರ್ಡ್ ಬಹಳ ಕಡೆ ಬಂದ ದಿನದ್ದೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಅದರ ಬಳಿ ಇದ್ದದ್ದು ಕಂಪನಿಗಳು ಹಾಕಿಕೊಟ್ಟ ಅರವತ್ತು ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ ಅಷ್ಟೇ. ಹಾಗಾಗಿ ರೂಟರ್, ಡಿವಿಆರ್ ಎರಡರ ಪಾಸ್‌ವರ್ಡನ್ನೂ ಇವತ್ತೇ ಬದಲಿಸಿ.

ರೂಟರ್ ಪುಟದಲ್ಲಿ ಇನ್ನೂ ನಾಲ್ಕು ಕೆಲಸ ಇವೆ. ಹೊರಗಿನಿಂದ ರೂಟರ್ ನಿರ್ವಹಿಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಒಳಗಿನ ಯಾವುದೋ ಸಾಧನ ನಿಮ್ಮನ್ನು ಕೇಳದೆಯೇ ಹೊರಗಿನವರಿಗೆ ಬಾಗಿಲು ತೆರೆಯಬಹುದು. ವೈಫೈ ಭದ್ರತೆಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ, ಪಾಸ್‌ವರ್ಡ್ ಹಾಕದೆ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಬಟನ್ ಸೌಲಭ್ಯ ಬೇಡ. ರೂಟರ್ ನಡೆಸುವ ಒಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ನೋಡಿ.

ಕೊನೆಗೆ ಪೋರ್ಟ್ ಫಾರ್ವರ್ಡಿಂಗ್ ಎಂಬ ಪುಟ ತೆರೆಯಿರಿ. ಹೊರಗಿನಿಂದ ಬರುವವರನ್ನು ಒಳಗಿನ ಯಾವ ಸಿಸ್ಟಂಗೆ ಬಿಡಬೇಕು ಅನ್ನುವ ಪಟ್ಟಿ ಅದು. ಇಲ್ಲಿ ನಿಧಾನವಾಗಿ ನೋಡಿ. 3389 ಎಂಬ ಸಂಖ್ಯೆ ಕಂಡರೆ ಅದು ರಿಮೋಟ್ ಡೆಸ್ಕ್‌ಟಾಪ್. ಅಂದರೆ ಜಗತ್ತಿನ ಯಾರು ಬೇಕಾದರೂ ನಿಮ್ಮ ಸರ್ವರ್‌ನ ಲಾಗಿನ್ ಪರದೆ ಮುಂದೆ ಕೂತು ಪಾಸ್‌ವರ್ಡ್ ಊಹಿಸುತ್ತಾ ಇರಬಹುದು. ಊಹಿಸುವುದು ಮನುಷ್ಯರೂ ಅಲ್ಲ, ದಣಿಯದ ಪ್ರೋಗ್ರಾಂಗಳು. ಸಂಖ್ಯೆ ಬದಲಿಸಿ 3390 ಮಾಡಿದ್ದೇವೆ ಅನ್ನುವವರು ಸಿಗುತ್ತಾರೆ. ಎಲ್ಲ ಸಂಖ್ಯೆಗಳನ್ನೂ ಹುಡುಕುವ ಪ್ರೋಗ್ರಾಂಗಳಿಗೆ ಅದೇನೂ ಕಷ್ಟವಲ್ಲ. ಆ ಸಾಲನ್ನೇ ಅಳಿಸಿ. ಮನೆಯಿಂದ ಕೆಲಸ ಮಾಡಲೇಬೇಕಾದರೆ ವಿಪಿಎನ್, ಅಂದರೆ ಗುರುತು ತೋರಿಸಿದವರಿಗೆ ಮಾತ್ರ ತೆರೆಯುವ ಗುಪ್ತ ದಾರಿ ಹಾಕಿಸಿ, ಅದಕ್ಕೆ ಓಟಿಪಿ ಇರಲಿ.

ಸಾಫ್ಟ್‌ವೇರ್ ರಿಪೇರಿಗೆ ಎನಿಡೆಸ್ಕ್ ತರಹದ್ದು ಬಳಸುತ್ತೀರಿ ಅಲ್ವಾ? ಬಳಸಿ, ತಪ್ಪಿಲ್ಲ. ಆದರೆ ನಾವು ಒಪ್ಪಿಗೆ ಒತ್ತದೆಯೇ ಅವರು ಒಳಗೆ ಬರುವ ಸೌಲಭ್ಯ ಆಫ್ ಇರಲಿ. ಅವರು ಕೆಲಸ ಮಾಡುವಷ್ಟು ಹೊತ್ತು ಒಬ್ಬರು ಎದುರಿಗೆ ಕೂರಲಿ. ಮುಗಿದ ಮೇಲೆ ಮುಚ್ಚಿ. ಬೇರೆಯವರ ಮೂಲಕ ಬರುವ ತೊಂದರೆ ಎಷ್ಟು ದೊಡ್ಡದು ಅನ್ನುವುದು 2024ರ ಜುಲೈ ಕೊನೆಯಲ್ಲಿ ದೇಶಕ್ಕೇ ಗೊತ್ತಾಯಿತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿದ್ದು ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ. ಸೋಂಕು ಹರಡದಿರಲಿ ಅಂತ ಯುಪಿಐ ಜಾಲ ನಡೆಸುವ ಎನ್‌ಪಿಸಿಐ ಆ ಸಂಸ್ಥೆಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಅದನ್ನು ನಂಬಿಕೊಂಡಿದ್ದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರು ಯುಪಿಐ, ಎಟಿಎಂ ಇಲ್ಲದೆ ಪರದಾಡಿದರು. ಎನ್‌ಪಿಸಿಐ ಮಾಡಿದ್ದು ಸರಿಯಾದ ಕೆಲಸ. ಬೇರ್ಪಡಿಸಲು ಸಾಧ್ಯವಾದ ಹಾಗೆ ಕಟ್ಟಿದ್ದರಿಂದಲೇ ಬೇರ್ಪಡಿಸಲು ಆಯಿತು.

ಹೆಜ್ಜೆ 4: ಒಳಗೆ ಕೋಣೆ ಕಟ್ಟಿ

ನನಗೆ ಅತಿ ಮುಖ್ಯ ಅನಿಸುವುದು ಇದು. ಕಳ್ಳ ಒಂದಲ್ಲ ಒಂದು ದಿನ ಒಳಗೆ ಬಂದೇ ಬರುತ್ತಾನೆ ಅಂತ ಇಟ್ಟುಕೊಳ್ಳಿ. ಬಂದವನು ಎಷ್ಟು ದೂರ ಹೋಗಬಹುದು? ಇದೊಂದು ಪ್ರಶ್ನೆ ಹಿಡಿದುಕೊಂಡು ನೋಟ್‌ಬುಕ್‌ನ ಪ್ರತಿ ಪುಟವನ್ನೂ ನೋಡಿ.

ಸುಲಭದ್ದರಿಂದ ಶುರು ಮಾಡೋಣ. ಬಹುತೇಕ ರೂಟರ್‌ಗಳಲ್ಲಿ ಗೆಸ್ಟ್ ವೈಫೈ, ಅಂದರೆ ಆಫೀಸಿನ ಸಿಸ್ಟಂಗಳಿಂದ ದೂರ ಇಡುವ ಬೇರೆ ವೈಫೈ ಇರುತ್ತದೆ. ಸಿಬ್ಬಂದಿಯ ಮೊಬೈಲ್, ಬಂದು ಹೋಗುವವರ ಲ್ಯಾಪ್‌ಟಾಪ್, ಟಿವಿ ಎಲ್ಲವನ್ನೂ ಅದಕ್ಕೆ ಹಾಕಿ. ಇದಕ್ಕೆ ಹತ್ತು ನಿಮಿಷ ಸಾಕು, ಖರ್ಚು ಏನೂ ಇಲ್ಲ.

ಮುಂದಿನದು ಡಿವಿಆರ್, ಬೆರಳಚ್ಚು ಯಂತ್ರ, ಪ್ರಿಂಟರ್‌ಗಳು. ಸ್ವಲ್ಪ ದುಡ್ಡು ಹಾಕಲು ಆಗುವುದಾದರೆ ಮ್ಯಾನೇಜ್ಡ್ ಸ್ವಿಚ್ ತಂದು ವಿಎಲ್ಯಾನ್ ಮಾಡಿಸಿ. ಒಂದೇ ಸ್ವಿಚ್ ಪೆಟ್ಟಿಗೆ ಒಳಗೇ ಮೂರು ನಾಲ್ಕು ಬೇರೆ ಬೇರೆ ಸ್ವಿಚ್‌ಗಳ ಹಾಗೆ ಕೆಲಸ ಮಾಡುತ್ತದೆ. ಲೆಕ್ಕದ ಸಿಸ್ಟಂಗಳು ಒಂದು ಕೋಣೆ, ಕ್ಯಾಮೆರಾ ಒಂದು ಕೋಣೆ, ಕೌಂಟರ್ ಒಂದು ಕೋಣೆ. ರೂಟರ್ ಕೂಡ ವಿಎಲ್ಯಾನ್ ಗೊತ್ತಿರುವಂಥದ್ದೇ ಆಗಬೇಕು, ಕೊಳ್ಳುವ ಮೊದಲು ಕೇಳಿ.

ಅಷ್ಟು ಆಗದಿದ್ದರೆ ಇನ್ನೊಂದು ದಾರಿ ಇದೆ. ಇರುವ ರೂಟರ್‌ನ ಹಿಂದೆ ಇನ್ನೊಂದು ಸಾಧಾರಣ ರೂಟರ್ ಹಾಕಿ. ಹೊರಗಿನ ರೂಟರ್‌ನಿಂದ ಬರುವ ಕೇಬಲ್ ಎರಡನೆಯದರ ವ್ಯಾನ್ (WAN) ಅಂತ ಬರೆದ ತೂತಿಗೆ ಹೋಗಲಿ. ಕ್ಯಾಮೆರಾ, ಟಿವಿ, ಮೊಬೈಲ್‌ಗಳು ಹೊರಗಿನ ರೂಟರ್‌ನಲ್ಲಿ ಇರಲಿ. ಸರ್ವರ್, ಲೆಕ್ಕದ ಸಿಸ್ಟಂಗಳು ಒಳಗಿನ ರೂಟರ್‌ನಲ್ಲಿ ಇರಲಿ. ಹೊರಗಿನವು ತಾವಾಗಿ ಒಳಗಿನವನ್ನು ಮುಟ್ಟಲಾರವು. ಉಲ್ಟಾ ಮಾಡಬೇಡಿ. ಒಳಗಿನ ರೂಟರ್‌ನಲ್ಲಿರುವವು ಹೊರಗಿನವನ್ನು ಮುಟ್ಟಬಲ್ಲವು. ಅದಕ್ಕೇ ಬೆಲೆ ಬಾಳುವುದು ಒಳಗೇ ಇರಬೇಕು. ನಡುಮನೆ, ಜಗಲಿ ಇದ್ದ ಹಳೆಯ ಮನೆಗಳ ಲೆಕ್ಕವೇ ಇದು.

ಈಗ ಶೇರ್ ಆದ ಫೋಲ್ಡರ್‌ಗಳು. ಡಿ ಡ್ರೈವ್ ಪೂರ್ತಿ ಶೇರ್ ಮಾಡಿ, "ಎವ್ರಿವನ್" ಅಂತ ಕೊಟ್ಟು, ಫುಲ್ ಕಂಟ್ರೋಲ್ ಟಿಕ್ ಮಾಡಿರುತ್ತಾರೆ. ಕೆಲಸ ಬೇಗ ಆಗಲಿ ಅಂತ ಹಾಗೆ ಮಾಡಿದ್ದು. ಬೀಗ ಹಾಕುವ ವೈರಸ್‌ಗೂ ಕೆಲಸ ಬೇಗ ಆಗುತ್ತದೆ. ಟ್ಯಾಲಿ ಡೇಟಾ ಫೋಲ್ಡರ್‌ಗೆ ಬರೆಯುವ ಅನುಮತಿ ಬೇಕೇ ಬೇಕು, ನಿಜ. ಹಾಗಿದ್ದರೆ ಅದೊಂದೇ ಫೋಲ್ಡರ್ ಶೇರ್ ಆಗಲಿ. ಟ್ಯಾಲಿ ಬಳಸುವ ಇಬ್ಬರು ಮೂವರ ಹೆಸರಿಗೆ ಮಾತ್ರ ಅನುಮತಿ ಇರಲಿ. ಸುತ್ತೋಲೆ, ಅರ್ಜಿ ನಮೂನೆ ಇಂಥವು ಓದಲು ಮಾತ್ರ ಸಾಕು. ಬ್ಯಾಕಪ್ ಇಡುವ ಫೋಲ್ಡರ್ ಶೇರ್ ಆಗಲೇಬಾರದು.

ಫೋಲ್ಡರ್ ಶೇರ್ ಮಾಡುವ ಅಗತ್ಯವೇ ಇಲ್ಲದ ಸಿಸ್ಟಂಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ "ಪಬ್ಲಿಕ್ ನೆಟ್‌ವರ್ಕ್" ಆಯ್ಕೆ ಮಾಡಿ. ಹೆಸರು ನೋಡಿ ಜನ ಹೆದರುತ್ತಾರೆ, ಸಾರ್ವಜನಿಕ ಮಾಡಿದಂತೆ ಆಯಿತಲ್ಲ ಅಂತ. ಆಗುವುದು ತಿರುಗುಮುರುಗು. ಈ ನೆಟ್‌ವರ್ಕ್‌ನಲ್ಲಿ ಯಾರನ್ನೂ ನಂಬಬೇಡ ಅಂತ ವಿಂಡೋಸ್‌ಗೆ ಹೇಳಿದ ಹಾಗೆ. ಪಕ್ಕದ ಸಿಸ್ಟಂನಿಂದ ಬರುವ ಕರೆಗಳಿಗೆ ಅದು ಬಾಗಿಲು ತೆರೆಯುವುದಿಲ್ಲ.

ಇನ್ನೊಂದು ಹಳೆಯ ಬಾಗಿಲು, ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ 1. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ 1.0 ಅಂತ ಇರುತ್ತದೆ. ಟಿಕ್ ಇದ್ದರೆ ತೆಗೆಯಿರಿ. 2017ರ ಮೇ 12ರಂದು ವನ್ನಾಕ್ರೈ ದಾಳಿ ಒಂದೇ ದಿನಕ್ಕೆ ಜಗತ್ತು ಸುತ್ತಿದ್ದು ಈ ದಾರಿಯಲ್ಲಿದ್ದ ತೂತಿನಿಂದ. ಯಾರೂ ಏನನ್ನೂ ಕ್ಲಿಕ್ ಮಾಡುವ ಅಗತ್ಯವೇ ಇರಲಿಲ್ಲ, ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ತಾನೇ ಹಾರುತ್ತಿತ್ತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೂಡಬೇಕಾಗಿ ಬಂತು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎಂಟು ವಾರ ಮೊದಲೇ! ಎಸ್‌ಎಂಬಿ 1 ತೆಗೆದರೆ ಕೆಲವು ಹಳೆಯ ಜೆರಾಕ್ಸ್ ಯಂತ್ರಗಳಿಂದ ಸ್ಕ್ಯಾನ್ ಮಾಡಿದ್ದು ಫೋಲ್ಡರ್‌ಗೆ ಬರುವುದು ನಿಲ್ಲಬಹುದು. ಆಗ ಸ್ಕ್ಯಾನನ್ನು ಇಮೇಲ್‌ಗೆ ಹೋಗುವ ಹಾಗೆ ಮಾಡಿಕೊಳ್ಳಿ. ಒಂದು ಯಂತ್ರಕ್ಕಾಗಿ ಆ ಬಾಗಿಲು ತೆರೆದಿಡಬೇಡಿ.

ಹೆಜ್ಜೆ 1ರಲ್ಲಿ ಕೆಂಪು ಗುರುತು ಹಾಕಿದ ಹಳೆಯ ವಿಂಡೋಸ್ ಸಿಸ್ಟಂಗಳು ನೆನಪಿವೆಯಾ? ಬದಲಿಸಲು ಈಗಲೇ ದುಡ್ಡಿಲ್ಲದಿದ್ದರೆ ಅವಕ್ಕೆ ಇಂಟರ್‌ನೆಟ್ ಕೊಡಬೇಡಿ, ಬೇರೆ ಕೋಣೆಗೆ ಹಾಕಿ.

ಹೆಜ್ಜೆ 5: ಯಾರ ಕೈಯಲ್ಲಿ ಯಾವ ಕೀಲಿ

ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಬೇಡ. ಸೆಕ್ರೆಟರಿಗೂ ಬೇಡ, ಅಧ್ಯಕ್ಷರಿಗೂ ಬೇಡ. ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಸ್ಟ್ಯಾಂಡರ್ಡ್ ಖಾತೆ ಇರಲಿ. ಹೊಸ ಪ್ರೋಗ್ರಾಂ ಹಾಕುವಾಗ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೊಡಿ. ಆ ಅಡ್ಮಿನ್ ಪಾಸ್‌ವರ್ಡ್ ಎಲ್ಲ ಸಿಸ್ಟಂಗಳಿಗೂ ಒಂದೇ ಇರಬಾರದು. ಒಂದೇ ಇದ್ದರೆ ನೀವು ಕಟ್ಟಿದ ಕೋಣೆಗಳಿಗೆಲ್ಲ ಒಂದೇ ಬೀಗದಕೈ ಕೊಟ್ಟಂತಾಯಿತು.

ಪಾಸ್‌ವರ್ಡ್ ಉದ್ದ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜೋಡಿಸಿ. ಹುಣಸೆ, ಏಣಿ, ಗುಡುಗು, ಚಾಪೆ, ಹೀಗೆ. ಇವೇ ನಾಲ್ಕನ್ನು ಇಟ್ಟುಕೊಳ್ಳಬೇಡಿ ಮತ್ತೆ. ದೇವರ ಹೆಸರು, ಊರ ಹೆಸರು, ಗಾಡಿ ನಂಬರ್ ಬೇಡ. ಎಲ್ಲವನ್ನೂ ನೆನಪಿಡಲು ಆಗುವುದಿಲ್ಲ, ಬಿಟ್‌ವಾರ್ಡನ್ ಅಥವಾ ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಇಮೇಲ್‌ಗೆ ಎರಡನೇ ಪರೀಕ್ಷೆ, ಅಂದರೆ ಓಟಿಪಿ ಅಥವಾ ಅಥೆಂಟಿಕೇಟರ್ ಆ್ಯಪ್ ಇರಲೇಬೇಕು. ಜಿಎಸ್‌ಟಿ ಇರಲಿ, ಬ್ಯಾಂಕ್ ಇರಲಿ, ಎಲ್ಲದರ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅದಕ್ಕೇ ಅಲ್ವಾ?

ಕೆಲಸ ಬಿಟ್ಟವರ ಖಾತೆ ಅವತ್ತೇ ಮುಚ್ಚಿ. 2021ರ ಮೇ ತಿಂಗಳಲ್ಲಿ ದಾಳಿಯಿಂದ ಕೆಲಸ ನಿಂತ ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್‌ನ ಒಳಗೆ ಕಳ್ಳರು ಬಂದಿದ್ದು ಬಳಕೆ ನಿಂತಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಓಟಿಪಿ ಇರಲಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಕೂಡ ಒಂದು ಕೀಲಿಯೇ. ಸಹಿ ಹಾಕಿದ ಮೇಲೆ ಕಿತ್ತು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿ.

ಹೆಜ್ಜೆ 6: ಅಪ್‌ಡೇಟ್, ಮತ್ತು ಕ್ರ್ಯಾಕ್ ಬೇಡ

ಅಪ್‌ಡೇಟ್ ತಾನಾಗಿ ಆಗಲು ಬಿಡಿ. ಬ್ರೌಸರ್, ಪಿಡಿಎಫ್ ಓದುವ ಪ್ರೋಗ್ರಾಂಗಳಿಗೂ ಅದೇ ಮಾತು. ಸರ್ವರ್‌ಗೆ ಮಾತ್ರ ವಾರಕ್ಕೊಂದು ದಿನ ಗೊತ್ತು ಮಾಡಿ, ಬ್ಯಾಕಪ್ ತೆಗೆದ ಮೇಲೆ ಮಾಡಿ.

ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬೀಗ ಮುರಿದು ಹಾಕಿದ ವಿಂಡೋಸ್, ಕ್ರ್ಯಾಕ್ ಮಾಡಿದ ಆಫೀಸ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅದನ್ನು ಹಾಕುವವರು ಮೊದಲು ಮಾಡುವ ಕೆಲಸವೇ ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡುವುದು. ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಂ ಒಂದಕ್ಕೆ ಅಡ್ಮಿನ್ ಅಧಿಕಾರ ಕೊಟ್ಟು, ಕಾವಲುಗಾರನನ್ನೂ ಮನೆಗೆ ಕಳಿಸಿದಂತೆ. ದುಡ್ಡಿಲ್ಲದಿದ್ದರೆ ಲಿಬ್ರೆಆಫೀಸ್ ಬಳಸಿ, ಕನ್ನಡ ಯೂನಿಕೋಡ್ ಅದರಲ್ಲಿ ಚೆನ್ನಾಗಿಯೇ ಬರುತ್ತದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಣ್ಣ ಆಫೀಸಿಗೆ ಸಾಕಾಗುತ್ತದೆ. ಅದನ್ನು ಬೇರೆ ಪ್ರೋಗ್ರಾಂ ಆಫ್ ಮಾಡದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿಕೊಳ್ಳಿ. ಸೋಂಕು ತಗುಲಿದ ಅನುಮಾನ ಇದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ತಪಾಸಣೆ ಸಾಧನಗಳು ಸಿಗುತ್ತವೆ.

ಹೆಜ್ಜೆ 7: ಜೊತೆಗೆ ಕೆಲಸ ಮಾಡುವವರು

ಒಂದು ಸಲ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಇಮೇಲ್‌ನಲ್ಲಿ ಬಂದ ಬಿಲ್ ತೆರೆದರು. ಪರದೆ ಒಂದು ಕ್ಷಣ ಕಪ್ಪಾಗಿ ಸರಿಯಾಯಿತು. ಏನೋ ಆಗಿದೆ ಅಂತ ಅವರಿಗೆ ಗೊತ್ತಾಯಿತು. ಬೈಯುತ್ತಾರೆ ಅನ್ನುವ ಭಯಕ್ಕೆ ಎರಡು ಗಂಟೆ ಯಾರಿಗೂ ಹೇಳಲಿಲ್ಲ. ಆ ಎರಡು ಗಂಟೆಯಲ್ಲಿ ನಾಲ್ಕು ಸಿಸ್ಟಂ ಹೋದವು. ತಪ್ಪು ಅವರದಲ್ಲ, ಬೈಯುವ ರೂಢಿಯದು. ತಕ್ಷಣ ಬಂದು ಹೇಳಿದವರಿಗೆ ಯಾರೂ ಒಂದು ಮಾತು ಆಡುವುದಿಲ್ಲ ಅಂತ ಮೇಲಿನವರು ಎಲ್ಲರ ಎದುರು ಹೇಳಬೇಕು. ಹೇಳಿದ ಹಾಗೆ ನಡೆದುಕೊಳ್ಳಬೇಕು.

ಕಲಿಸಬೇಕಾದ್ದು ಜಾಸ್ತಿ ಏನಿಲ್ಲ. ಪ್ರತಿ ಸಿಸ್ಟಂನಲ್ಲೂ ಫೈಲ್ ಹೆಸರಿನ ಕೊನೆಯ ಭಾಗ ಕಾಣುವಂತೆ ಮಾಡಿ. ಆಗ "ಬಿಲ್.ಪಿಡಿಎಫ್.ಇಎಕ್ಸ್‌ಇ" ಅನ್ನುವುದರ ವೇಷ ಕಳಚುತ್ತದೆ. ಕೊನೆಗೆ ಇಎಕ್ಸ್‌ಇ ಇದ್ದರೆ ಅದು ಪ್ರೋಗ್ರಾಂ, ಬಿಲ್ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಹೆಸರಲ್ಲಿ ಬರುವ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್ ಮುಟ್ಟಬೇಡಿ ಅಂತ ಹೇಳಿ. ಆಫೀಸಿನ ಓಟಿಪಿ ಬರುವ ಫೋನಿಗೇ ಅದು ಬಂದರೆ ಗತಿ ಏನು? ಸಾಮಾನು ಕೊಡುವವರು "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಇಮೇಲ್ ಕಳಿಸಿದರೆ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರ್‌ಗೆ ಫೋನ್ ಮಾಡಿ ಕೇಳಿ. ಇಮೇಲ್‌ನಲ್ಲಿ ಕೊಟ್ಟ ನಂಬರ್‌ಗಲ್ಲ.

ಹೆಜ್ಜೆ 8: ಕೆಟ್ಟ ದಿನದ ಹಾಳೆ

ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಸರ್ವರ್ ಪಕ್ಕದ ಗೋಡೆಗೆ ಅಂಟಿಸಿ. ಏನು ಬರೆಯಬೇಕು ಅಂದರೆ:

ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಯಾವ ಸಿಸ್ಟಂ ಅಂತ ಗೊತ್ತಾಗದಿದ್ದರೆ ಸ್ವಿಚ್‌ನ ಕರೆಂಟೇ ತೆಗೆಯಿರಿ. ಸಿಸ್ಟಂ ಆಫ್ ಮಾಡಬೇಡಿ, ತನಿಖೆಗೆ ಬೇಕಾದ ಸುಳಿವು ಅದರ ಮೆಮೊರಿಯಲ್ಲಿ ಇರಬಹುದು. ಕೇಬಲ್ ಕೀಳಲು ಆಗದಿದ್ದರೆ ಮಾತ್ರ ಆಫ್ ಮಾಡಿ. ಬ್ಯಾಕಪ್ ಡಿಸ್ಕನ್ನು ಯಾವುದಕ್ಕೂ ಚುಚ್ಚಬೇಡಿ. ಪರದೆಯ ಫೋಟೋ ತೆಗೆಯಿರಿ, ಗಂಟೆ ನಿಮಿಷ ಬರೆದುಕೊಳ್ಳಿ. ಫಾರ್ಮ್ಯಾಟ್ ಮಾಡಬೇಡಿ.

ಕೆಳಗೆ ಫೋನ್ ನಂಬರ್‌ಗಳು. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930, ಆಮೇಲೆ ನಿಮ್ಮ ಬ್ಯಾಂಕ್. ಇದರಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಕರ್ನಾಟಕದಲ್ಲಾದರೆ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯ ನಂಬರನ್ನೂ ಈಗಲೇ ಹುಡುಕಿ ಬರೆದಿಡಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಯಾವಾಗ ಏನಾಯಿತು ಅಂತ ಸಿಸ್ಟಂ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್‌ಗಳನ್ನು 180 ದಿನ ಇಡಬೇಕು ಅಂತಲೂ ಅದೇ ನಿರ್ದೇಶನದಲ್ಲಿದೆ. ರೂಟರ್, ಡಿವಿಆರ್, ಸಿಸ್ಟಂ ಎಲ್ಲದರ ಗಡಿಯಾರ ಸರಿ ಇದೆಯಾ ಅಂತ ನೋಡಿಡಿ. ಒಂದೊಂದು ಒಂದೊಂದು ಹೊತ್ತು ತೋರಿಸಿದರೆ ಯಾವುದು ಮೊದಲು ಆಯಿತು ಅಂತ ಹೇಳುವುದೇ ಕಷ್ಟ.

ಬೀಗ ಹಾಕಿದವರಿಗೆ ಹಣ ಕೊಡಬೇಕಾ? ಬೇಡ ಅನ್ನುವುದು ನನ್ನ ಮಾತು. ಕೊಟ್ಟರೂ ಕೀಲಿ ಬರುತ್ತದೆ ಅಂತ ಖಾತ್ರಿ ಇಲ್ಲ, ಮತ್ತೆ ಕೇಳುವುದಿಲ್ಲ ಅಂತಲೂ ಇಲ್ಲ. ಅದಕ್ಕೆ ಮೊದಲು ನೋ ಮೋರ್ ರ‍್ಯಾನ್ಸಮ್ ಎಂಬ ಜಾಲತಾಣ ನೋಡಿ. ಡಚ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಉಚಿತವಾಗಿ ಕೀಲಿ ಸಿಗುತ್ತದೆ.

ಬ್ಯಾಕಪ್ ಇಳಿಸುವ ಆತುರ ಎಲ್ಲರಿಗೂ ಇರುತ್ತದೆ. ಕಳ್ಳ ಬಂದ ದಾರಿ ಯಾವುದು ಅಂತ ತಿಳಿದು, ಅದನ್ನು ಮುಚ್ಚಿ, ಸಿಸ್ಟಂಗಳಿಗೆ ಹೊಸದಾಗಿ ವಿಂಡೋಸ್ ಹಾಕಿ, ಎಲ್ಲ ಪಾಸ್‌ವರ್ಡ್‌ಗಳನ್ನೂ ಸೋಂಕಿಲ್ಲದ ಸಿಸ್ಟಂನಿಂದ ಬದಲಿಸಿ, ಆಮೇಲೆ ಇಳಿಸಿ. ಇಲ್ಲದಿದ್ದರೆ ಉಳಿದ ಒಂದೇ ಪ್ರತಿಯೂ ಹೋಗುತ್ತದೆ.

ಆ ಸಹಕಾರ ಸಂಘದಲ್ಲಿ ಈಗ ಎರಡು ಡಿಸ್ಕ್, ಎರಡು ರೂಟರ್, ಒಂದು ನೋಟ್‌ಬುಕ್ ಇದೆ. ತಿಂಗಳ ಮೊದಲ ಶನಿವಾರ ಅಕೌಂಟೆಂಟ್ ಅವರೇ ಬ್ಯಾಕಪ್ ಇಳಿಸಿ ತಾಳೆ ನೋಡುತ್ತಾರೆ. ಹೋದ ತಿಂಗಳು ಅವರೇ ಫೋನ್ ಮಾಡಿದರು. "ಸರ್, ರೂಟರ್ ಪಟ್ಟಿಯಲ್ಲಿ ಒಂದು ಜಾಸ್ತಿ ಕಾಣ್ತಿದೆ. ಪುಸ್ತಕದಲ್ಲಿ ಇಲ್ಲ" ಅಂದರು. ಹುಡುಕಿದರೆ ಹಿಂದಿನ ವಾರ ಬಂದ ಹೊಸ ಇನ್ವರ್ಟರ್. ಅದಕ್ಕೂ ವೈಫೈ ಇತ್ತು. ಹಾಕಲು ಬಂದವರು ಸುಮ್ನೆ ಆಫೀಸಿನ ವೈಫೈಗೇ ಸೇರಿಸಿ ಹೋಗಿದ್ದರು. ಅದನ್ನು ಗೆಸ್ಟ್ ವೈಫೈಗೆ ಹಾಕಿಸಿ, ಹದಿನೆಂಟನೇ ಪುಟದಲ್ಲಿ ಬರೆದುಕೊಂಡರು.